ಭಾರ ಎತ್ತಿದವರ ಟಿಎಸ್‌ಪಿ

ತೋರುಬೆರಳು ಮೇಲೆ ಮಾಡಿ ಸಣ್ಣಗೆ ಸುತ್ತಿದರೆ ಎತ್ತು. ಅದೇ ಬೆರಳು ಕೆಳಮುಖವಾಗಿ ಸುತ್ತಿದರೆ ಇಳಿಸು. ಆ ಕೈಯ ಮೇಲೆ ಇನ್ನೊಂದು ಅಂಗೈ ಅಡ್ಡ ಹಿಡಿದರೆ ನಿಧಾನ, ಇಂಚಿಂಚಾಗಿ. ಹೊಸಪೇಟೆಯ ಟಿ.ಬಿ. ಡ್ಯಾಮ್ (ತುಂಗಭದ್ರಾ ಅಣೆಕಟ್ಟು) ಹತ್ತಿರದ ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಮಾಡಿ ತೋರಿಸಿದವರು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ (ಟಿಎಸ್‌ಪಿ) ಕಂಪನಿಯ ನಿವೃತ್ತ ಖಲಾಸಿ. ‘ಶಾಪ್ ಒಳಗ ಗದ್ದಲ ಸರ್. ಮ್ಯಾಲೆ ಕ್ರೇನಿನ ಕ್ಯಾಬಿನ್‌ದಾಗ ಕುಂತವಗ ನಮ್ಮ ಮಾತು ಕೇಳಂಗಿಲ್ಲ. ಕೈ ನೋಡೇ ಎತ್ತಬೇಕು’ ಎಂದರು. ಎಷ್ಟೋ ವರ್ಷದ ಮೇಲೂ ಆ ಬೆರಳಿನಲ್ಲಿ ನಡುಕವಿರಲಿಲ್ಲ.

ಹೊಸಪೇಟೆಯೆಂದರೆ ಹಂಪಿಯ ದಾರಿ, ಸಂಡೂರಿನ ಅದಿರು ಲಾರಿಗಳ ಸಾಲು ಎಂದಷ್ಟೇ ಬರೆಯುವವರ ಮೇಲೆ ನನಗೆ ಅಸಮಾಧಾನವಿದೆ. ಅಣೆಕಟ್ಟು ಕಟ್ಟುವಾಗ ಬೆಳೆದ ಕೆಲಸಗಾರಿಕೆಯೇ 1960ರಲ್ಲಿ ಕಂಪನಿಯಾಯಿತು. 1967ರಲ್ಲಿ ಕೇಂದ್ರ ಸರ್ಕಾರದ ಉದ್ಯಮವಾಯಿತು. ಅಣೆಕಟ್ಟಿನ ಗೇಟು, ಅದನ್ನೆತ್ತುವ ಹಾಯ್ಸ್ಟ್, ಗ್ಯಾಂಟ್ರಿ ಕ್ರೇನ್, ಕಾರ್ಖಾನೆಗಳ ಚಾವಣಿಯಡಿ ಓಡುವ ಇಒಟಿ ಕ್ರೇನ್, ಜಲವಿದ್ಯುತ್ ಯೋಜನೆಯ ಪೆನ್‌ಸ್ಟಾಕ್ ಕೊಳವೆ ಎಲ್ಲವೂ ಇಲ್ಲಿ ತಯಾರಾದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ರೇನಿನ ಪರೀಕ್ಷೆ. ಗೋಡೆಯಿಂದ ಗೋಡೆಗೆ ಚಾಚಿದ ಗರ್ಡರ್, ಅದರ ಮೇಲೆ ಓಡಾಡುವ ಟ್ರಾಲಿ, ಕೆಳಗೆ ಕೊಕ್ಕೆ. 100 ಟನ್ನಿನ ಕ್ರೇನಾದರೆ 125 ಟನ್ ಎತ್ತಿಸಬೇಕು. ಭಾರಕ್ಕೆ ಗರ್ಡರ್ ಬಾಗುತ್ತದೆ, ಬಾಗಲೇಬೇಕು. ಎಷ್ಟು ಬಾಗಿತೆಂದು ಅಳೆಯುತ್ತಾರೆ. ಭಾರ ಇಳಿಸಿದ ಮೇಲೆ ಮೊದಲಿನ ಮಟ್ಟಕ್ಕೆ ಬಂದರಷ್ಟೇ ಪಾಸು. ಬಾಗು ಹಾಗೇ ಉಳಿದರೆ ಯಾವುದೋ ಬೆಸುಗೆಯೋ ಉಕ್ಕಿನ ಹಾಳೆಯೋ ಸೋತಿರಬಹುದು. ಖಲಾಸಿ ಇದನ್ನು ವಿವರಿಸುವಾಗ ನಾನು ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡೆ.

ಕಂಪನಿಯ ಆಮೇಲಿನ ಕಥೆ ಬಹುಮಂದಿಗೆ ಗೊತ್ತು. ನಷ್ಟ ಬೆಳೆಯಿತು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿತು; ನೌಕರರಿಗೆ ಸ್ವಯಂನಿವೃತ್ತಿ, 82 ಎಕರೆಗೂ ಮೀರಿದ ಜಾಗ ರಾಜ್ಯ ಸರ್ಕಾರಕ್ಕೆ. ಲೆಕ್ಕಪತ್ರದ ಪ್ರಕಾರ ಅದು ಸರಿಯಿದ್ದೀತು. ನನಗೆ ಮಾತ್ರ ಒಪ್ಪಿಗೆಯಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಕಿಂಡಿ. ಕಂಪ್ಲಿಯ ಭತ್ತದ ರೈತರು ಎರಡನೇ ಬೆಳೆಯ ಆಸೆಯನ್ನೇ ಬಿಟ್ಟಿದ್ದರು. ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಹೊಸಪೇಟೆಯ ವರ್ಕ್‌ಶಾಪ್‌ನಲ್ಲೂ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲೂ ಕಿಂಡಿಯನ್ನು ತಾತ್ಕಾಲಿಕವಾಗಿ ಮುಚ್ಚುವ ಸ್ಟಾಪ್‌ಲಾಗ್ ತುಂಡುಗಳು ತಯಾರಾದವು. ಒಂದೊಂದೂ 4 ಅಡಿ ಎತ್ತರ, ಒಟ್ಟು ಐದು. ಹರಿಯುವ ನೀರಿಗೇ ಕ್ರೇನಿನಿಂದ ಇಳಿಸಬೇಕು. ತುಸು ಓರೆಯಾದರೂ ಕೂರದು. ಆಗಸ್ಟ್ 16ರಂದು ಮೊದಲನೆಯದು ಕೂತಿತು, ಮರುದಿನ ಉಳಿದವು. ಮುಚ್ಚಿದ ಕಂಪನಿಯ ಕಸುಬು ಊರಲ್ಲಿ ಉಳಿದಿದೆ ಎಂದು ಆ ವಾರ ನನಗೆ ಖಾತ್ರಿಯಾಯಿತು.

ಆಮೇಲೆ ಅಣೆಕಟ್ಟಿನ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. 19ನೆಯದರ ಗುತ್ತಿಗೆ ಗುಜರಾತಿನ ಕಂಪನಿಗೆ ಹೋಯಿತು. ಟೆಂಡರ್ ಎಂದ ಮೇಲೆ ಹಾಗೆಯೇ, ತಕರಾರಿಲ್ಲ. ಆದರೆ ಟಿಎಸ್‌ಪಿಯ ಡ್ರಾಯಿಂಗ್‌ಗಳು, ಪರೀಕ್ಷಾ ದಾಖಲೆಗಳು ಎಲ್ಲೇ ಇರಲಿ, ತುಂಗಭದ್ರಾ ಮಂಡಳಿ ಅವನ್ನು ಪಡೆದು ಹೊಸಪೇಟೆಯಲ್ಲೇ ಕಾಪಿಡಲಿ. ಗೇಟು ಕೂರಿಸುವ ದಿನ ಆ ಖಲಾಸಿಯಂಥ ಹಿರಿಯರನ್ನು ಕರೆದು ಡ್ಯಾಮ್ ಮೇಲೆ ನಿಲ್ಲಿಸಿಕೊಳ್ಳಲಿ.