ಬಾಗಿಲಿಗೆ ಅಡ್ಡ ಇಟ್ಟ ಕಲ್ಲು

ನಮ್ಮ ಮತ್ತಿಕೆರೆ ಮನೆಯ ಮಹಡಿ ಬಾಗಿಲು ಸ್ವಲ್ಪ ಗಾಳಿ ಬಂದರೂ ಸಾಕು, ಧಡ್ ಅಂತ ಬಡ್ಕೊಳ್ಳುತ್ತೆ. ಅದಕ್ಕೆ ಅಡ್ಡ ಇಡೋಕೆ ಒಂದು ಕಲ್ಲಿದೆ. ತೆಂಗಿನಕಾಯಿಗಿಂತ ಚಿಕ್ಕದು, ಬೂದು ಬಣ್ಣ. ಎರಡು ಪಕ್ಕ ಮಾತ್ರ ಯಾರೋ ಕೊಯ್ದ ಹಾಗೆ ಸಪಾಟು. ಹೆಚ್ಚುಕಮ್ಮಿ ಇಪ್ಪತ್ತು ವರ್ಷದಿಂದ ಅದಕ್ಕೆ ಇದೊಂದೇ ಕೆಲಸ.

ಕಳೆದ ರಜೆಯಲ್ಲಿ ಅಕ್ಕನ ಮಗಳು ಬಂದಿದ್ದಳು. ಆರನೇ ಕ್ಲಾಸು, ಬಾಯಿ ತೆಗೆದರೆ ಪ್ರಶ್ನೆ. "ಚಿಕ್ಕಿ, ಈ ಕಲ್ಲು ಎಲ್ಲಿಂದ ಬಂತು?" ಅಂದಳು. ಮಲ್ಪೆಯಿಂದ ಅಂತ ಹೇಳಿ ಸುಮ್ಮನಾಗಬಹುದಿತ್ತು. ದೊಡ್ಡಸ್ತಿಕೆ ತೋರಿಸೋಕೆ ಹೋಗಿ, "ಇದು ಜ್ವಾಲಾಮುಖಿ ಕಲ್ಲು ಕಣೇ. ಇದು ಹುಟ್ಟಿದಾಗ ನಮ್ಮ ಕರಾವಳಿ ಮಡಗಾಸ್ಕರ್‌ಗೆ ಅಂಟಿಕೊಂಡಿತ್ತು" ಅಂದುಬಿಟ್ಟೆ. ಅಪ್ಪ ಪೇಪರ್ ಕೆಳಗಿಟ್ಟು, ಕನ್ನಡಕದ ಮೇಲಿಂದ ನೋಡಿ, "ಅದನ್ನ ನೋಡಿದೋರು ಯಾರಮ್ಮ?" ಅಂದ್ರು.

ಎಂಜಿನಿಯರಿಂಗ್ ಡಿಗ್ರಿ ಇದೆ, ದಿನವಿಡೀ ಕೋಡ್ ಬರೆಯೋ ಕೆಲಸ ಇದೆ, ಆದ್ರೆ ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಎಲ್ಲೋ ಓದಿದ್ದೆ, ಅಷ್ಟೇ. ಆಮೇಲೆ ಎರಡು ವಾರ ರಾತ್ರಿ ಕೂತು ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

2006ರಲ್ಲಿ ಉಡುಪಿಯಲ್ಲಿ ಒಂದು ಮದುವೆ. ಮಾರನೇ ದಿನ ಎಲ್ಲರೂ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ವಿ. ನೋಡಿದವರಿಗೆ ಗೊತ್ತು, ಅಲ್ಲಿನ ಬಂಡೆಗಳು ಬಂಡೆಗಳ ಥರ ಇರೋದೇ ಇಲ್ಲ. ಐದು ಮೂಲೆ, ಆರು ಮೂಲೆಯ ಕಂಬಗಳನ್ನ ಪಕ್ಕಪಕ್ಕ ಒತ್ತಿ ನಿಲ್ಲಿಸಿದ ಹಾಗಿರುತ್ತೆ. ಯಾವ ಶಿಲ್ಪಿಯ ಕೈವಾಡವೂ ಅಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಮಣ್ಣು ಕುಗ್ಗಿ ಬಿರುಕು ಬಿಡುತ್ತಲ್ಲ, ಹಾಗೇ ಲಾವಾ ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟಿದೆ. ಬಿರುಕು ಮೇಲಿಂದ ಒಳಗೆ ಇಳಿದಂತೆಲ್ಲ ಕಂಬ ಆಗಿದೆ. ಎಷ್ಟೋ ಕಡೆ ಇದನ್ನ ಬಸಾಲ್ಟ್ ಅಂತ ಬರೆದಿರ್ತಾರೆ, ಆದರೆ ಇದು ರಯೋಲೈಟ್ ಜಾತಿಯದು, ಇನ್ನೂ ಮಂದವಾದ ಲಾವಾದಿಂದ ಆದದ್ದು. ವಯಸ್ಸು ಅಳೆದವರು ಬೇರೆ ಬೇರೆ ವಿಧಾನದಲ್ಲಿ 8.5 ಕೋಟಿಯಿಂದ 9.1 ಕೋಟಿ ವರ್ಷದ ತನಕ ಹೇಳಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಐದನೇ ಕ್ಲಾಸಿನ ನನಗೆ ಅದೆಲ್ಲ ಏನು ಗೊತ್ತು? ಒಂದು ತುಂಡು ಬಿದ್ದಿತ್ತು, ಚೆನ್ನಾಗಿತ್ತು, ಬ್ಯಾಗಿಗೆ ಹಾಕ್ಕೊಂಡೆ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ನೋಡಿದೋರು ಯಾರೂ ಇಲ್ಲ. ಆದ್ರೆ ಕಲ್ಲು ಬರೆದಿಟ್ಟುಕೊಂಡಿದೆ.

ಲಾವಾದಲ್ಲಿ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜದ ಸಣ್ಣ ಕಣಗಳಿರುತ್ತವೆ. ಬಿಸಿಯಾಗಿದ್ದಾಗ ಅವಕ್ಕೆ ಯಾವ ದಿಕ್ಕೂ ಇಲ್ಲ. ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದಾಗ ಅವುಗಳ ಕಾಂತತ್ವ ಆ ಕ್ಷಣ ಭೂಮಿಯ ಕಾಂತಕ್ಷೇತ್ರ ಯಾವ ಕಡೆ ಇತ್ತೋ ಆ ಕಡೆಗೆ ತಿರುಗಿ ಹಾಗೇ ನಿಂತುಬಿಡುತ್ತೆ. ಆಮೇಲೆ ಆ ನೆಲ ಎಲ್ಲಿಗೇ ಹೋದರೂ ಒಳಗಿನ ಮುಳ್ಳು ಹಳೇ ದಿಕ್ಕನ್ನೇ ಹಿಡಿದಿರುತ್ತೆ.

ಇಷ್ಟಾದ್ರೆ ಬರೀ ಉತ್ತರ ದಿಕ್ಕು ಗೊತ್ತಾಗುತ್ತೆ, ಜಾಗ ಹೇಗೆ ಗೊತ್ತಾಗುತ್ತೆ ಅಂತ ನನಗೂ ಅನ್ನಿಸಿತ್ತು. ಉತ್ತರ ಮುಳ್ಳಿನ ವಾಲಿಕೆಯಲ್ಲಿದೆ. ದಿಕ್ಸೂಚಿಯ ಮುಳ್ಳನ್ನ ಮೇಲೆ ಕೆಳಗೆ ಆಡೋಕೂ ಬಿಟ್ಟರೆ, ಭೂಮಧ್ಯರೇಖೆಯ ಆಸುಪಾಸು ಅದು ಮಟ್ಟಸವಾಗಿ ಮಲಗುತ್ತೆ. ಉತ್ತರಕ್ಕೆ ಹೋದಂತೆಲ್ಲ ಅದರ ಉತ್ತರದ ತುದಿ ನೆಲದ ಕಡೆ ಬಾಗುತ್ತೆ, ದಕ್ಷಿಣಕ್ಕೆ ಹೋದರೆ ಆಕಾಶದ ಕಡೆ ಏಳುತ್ತೆ. ಸೂತ್ರ ಒಂದೇ ಸಾಲು: ವಾಲಿಕೆಯ ಟ್ಯಾಂಜೆಂಟ್ ಅಂದರೆ ಅಕ್ಷಾಂಶದ ಟ್ಯಾಂಜೆಂಟ್‌ನ ಎರಡರಷ್ಟು. ಪಿಯುಸಿಯಲ್ಲಿ ಬೈಕೊಂಡು ಕಲಿತ ಟ್ರಿಗನಾಮೆಟ್ರಿ ಇಲ್ಲಿ ಖಂಡಗಳ ಓಡಾಟ ಅಳೆಯುತ್ತೆ ಅಂತ ಆಗ ಯಾರಾದ್ರೂ ಹೇಳಿದ್ದಿದ್ರೆ ಇನ್ನೊಂದೆರಡು ಮಾರ್ಕು ಜಾಸ್ತಿ ಬರ್ತಿತ್ತೇನೋ.

ಮಲ್ಪೆ ಇವತ್ತು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿದೆ. ಆ ದ್ವೀಪದ ಕಲ್ಲಿನ ಒಳಗಿನ ಮುಳ್ಳು ಮಾತ್ರ ಆಕಾಶದ ಕಡೆ ಎದ್ದಿದೆ. ಅಂದರೆ ಕಲ್ಲು ತಣಿದದ್ದು ಭೂಮಧ್ಯರೇಖೆಯ ಆಚೆ, ದಕ್ಷಿಣದಲ್ಲಿ. ಆದರೆ ಈ ಲೆಕ್ಕಕ್ಕೆ ಒಂದು ಕೊರತೆ ಇದೆ. ಅಕ್ಷಾಂಶ ಸಿಗುತ್ತೆ, ರೇಖಾಂಶ ಸಿಗಲ್ಲ. ಮಡಗಾಸ್ಕರ್ ಪಕ್ಕವೇ ಇತ್ತು ಅನ್ನೋಕೆ ಬೇರೆ ಸಾಕ್ಷಿ ಬೇಕು. ಅದು ಮಡಗಾಸ್ಕರ್‌ನಲ್ಲೇ ಇದೆ. ಅಲ್ಲೂ ಹೆಚ್ಚುಕಮ್ಮಿ ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳಿವೆ, ಅವುಗಳ ಮುಳ್ಳಿನ ದಿಕ್ಕನ್ನೂ ಅಳೆದಿದ್ದಾರೆ. ಎರಡು ನೆಲಗಳನ್ನ ನಕ್ಷೆಯಲ್ಲಿ ವಾಪಸ್ ಜೋಡಿಸಿದರೆ ದಿಕ್ಕುಗಳೂ ಹೊಂದಿಕೊಳ್ಳುತ್ತವೆ. ನೆಲ ಸೀಳುವಾಗ ಉಕ್ಕಿದ ಲಾವಾದ ಒಂದು ಚೂರು ನಮ್ಮ ಕಡೆ ಉಳೀತು, ಉಳಿದದ್ದು ಅವರ ಕಡೆ. ಈಗ ಮಧ್ಯೆ ಸುಮಾರು 4,000 ಕಿಲೋಮೀಟರ್ ಸಮುದ್ರ.

ಉತ್ತರ ಕರ್ನಾಟಕದವರು ಮಲ್ಪೆ ತನಕ ಬರಬೇಕಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ದಖನ್ ಲಾವಾ. ಗೋಲ ಗುಮ್ಮಟ ಕಟ್ಟಿದ್ದೂ ಅದರಲ್ಲೇ. ಖಂಡಗಳು ಚಲಿಸ್ತವೆ ಅಂತ ವೆಗೆನರ್ 1912ರಲ್ಲಿ ಹೇಳಿದಾಗ ಬಹಳ ಜನ ಒಪ್ಪಿರಲಿಲ್ಲ. 1956ರಲ್ಲಿ ಕ್ಲೆಗ್, ಡಾಯಿಚ್, ಗ್ರಿಫಿತ್ಸ್ ಅನ್ನೋ ಮೂವರು ಇದೇ ದಖನ್ ಲಾವಾದ ಕಾಂತತ್ವ ಅಳೆದು, ಭಾರತ ದಕ್ಷಿಣ ಗೋಳಾರ್ಧದಿಂದ ಬಂದಿದೆ ಅನ್ನೋದಕ್ಕೆ ಪುರಾವೆ ಕೊಟ್ಟರು. ಫಲಕಗಳ ಸಿದ್ಧಾಂತ ಎಲ್ಲರಿಗೂ ಒಪ್ಪಿಗೆಯಾಗೋಕೆ ಇನ್ನೂ ಹತ್ತು ವರ್ಷದ ಮೇಲೆ ಬೇಕಾಯ್ತು.

ಮತ್ತಿಕೆರೆ ಕೆಳಗಿರೋದು ಲಾವಾ ಅಲ್ಲ, ನೈಸ್ ಅನ್ನೋ ಇನ್ನೂ ಹಳೇ ಬಂಡೆ. ಲಾಲ್‌ಬಾಗ್ ಗುಡ್ಡದ್ದೂ ಅದೇ. ಆದ್ರೆ ನಮ್ಮ ಪಕ್ಕದಲ್ಲೇ, ನಡೆದು ಹೋಗುವಷ್ಟು ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1990ರ ದಶಕದಿಂದ ಒಂದು ಜಿಪಿಎಸ್ ಸ್ಥಾವರ ಇದೆ. ಅದು ನಿಂತಲ್ಲೇ ನಿಂತು, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಹೋಗ್ತಿದೆ. ಲೆಕ್ಕ ಹಾಕಿದೆ: ನಾನು ಹುಟ್ಟಿದಾಗಿಂದ ನಮ್ಮ ಮನೆ, ಜೆಪಿ ಪಾರ್ಕು, ಯಶವಂತಪುರ ಸ್ಟೇಷನ್ನು, ಎಲ್ಲ ಸೇರಿ ಒಂದೂವರೆ ಮೀಟರ್ ಮುಂದೆ ಹೋಗಿವೆ. ಇದನ್ನ ಹೇಳಿದಾಗ ಅಪ್ಪ ಪೇಪರ್ ಮಡಚಿದ್ರು. ಒಪ್ಪಿದ್ರು ಅಂತಲೇ ಅಂದ್ಕೊಂಡೆ.

ಹುಡುಗಿ ಬಿಡಬೇಕಲ್ಲ! ಬಾಗಿಲ ಹತ್ತಿರ ಕೂತು ಕಲ್ಲನ್ನ ಹೊರಳಿಸ್ತಾ, "ಹಾಗಾದ್ರೆ ಇದರ ಮುಳ್ಳು ಯಾವ ಕಡೆ ಇದೆ?" ಅಂದಳು. ಫೋನಿನ ದಿಕ್ಸೂಚಿ ಹತ್ತಿರ ಹಿಡಿದು ನೋಡಿದ್ವಿ. ಅಲುಗಲಿಲ್ಲ. ಈ ಕಾಂತತ್ವ ಅಷ್ಟು ಕ್ಷೀಣ, ಅದಕ್ಕೆ ಪ್ರಯೋಗಾಲಯದ ಯಂತ್ರವೇ ಬೇಕು.

ಯಂತ್ರ ಇದ್ದರೂ ನಮ್ಮ ಕಲ್ಲು ಏನೂ ಹೇಳ್ತಿರಲಿಲ್ಲ. ಭೂವಿಜ್ಞಾನಿಗಳು ಬಂಡೆಯಿಂದ ಬೆರಳು ಗಾತ್ರದ ತುಂಡು ಕೊರೀತಾರೆ. ಅದನ್ನ ಬಂಡೆಯಿಂದ ಬಿಡಿಸೋ ಮುಂಚೆಯೇ ಮೇಲು ಯಾವುದು, ಉತ್ತರ ಯಾವುದು, ಎಷ್ಟು ಓರೆ ಅಂತ ಗುರುತು ಹಾಕ್ತಾರೆ. ಬಂಡೆಯ ಕಾಂತತ್ವವೇ ದಿಕ್ಸೂಚಿಯನ್ನ ದಾರಿ ತಪ್ಪಿಸಬಹುದು ಅಂತ ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯೋದೂ ಉಂಟು. ಆ ಗುರುತು ಇಲ್ಲದ ಕಲ್ಲು ನಮ್ಮ ಕೆಲಸದಲ್ಲಿ ಟೈಮ್‌ಝೋನ್ ಇಲ್ಲದ ಟೈಮ್‌ಸ್ಟಾಂಪ್ ಇದ್ದ ಹಾಗೆ. ಸಂಖ್ಯೆ ಇದೆ, ಅರ್ಥ ಇಲ್ಲ. ನಮ್ಮ ಕಲ್ಲಿನ ಎರಡು ಸಪಾಟು ಪಕ್ಕ ನೋಡಿ ಕಂಬ ಹೇಗೆ ನಿಂತಿತ್ತು ಅಂತ ಊಹಿಸಬಹುದು. ತಲೆ ಯಾವುದು, ಬುಡ ಯಾವುದು? ತಲೆಕೆಳಗಾಗಿ ಅಳೆದರೆ ಇದೇ ಕಲ್ಲು, ನಾನು ಉತ್ತರ ಗೋಳಾರ್ಧದಲ್ಲೇ ಹುಟ್ಟಿದ್ದು ಅಂತ ಸುಳ್ಳು ಹೇಳುತ್ತೆ.

ಒಂಬತ್ತು ಕೋಟಿ ವರ್ಷ ಕಾದಿಟ್ಟಿದ್ದನ್ನ ನಾನು ಒಂದು ಮಧ್ಯಾಹ್ನ ಬ್ಯಾಗಿಗೆ ಹಾಕಿ ಅಳಿಸಿಬಿಟ್ಟೆ. ದ್ವೀಪದಲ್ಲಿ ಇನ್ನೂ ಬೇಕಾದಷ್ಟು ಕಂಬಗಳಿವೆ, ನಿಜ. ಆದ್ರೆ ಅಲ್ಲಿಗೆ ಹೋಗೋರು ಎಷ್ಟು ಜನ, ಅವರಲ್ಲಿ ಬ್ಯಾಗ್ ಇರೋ ಮಕ್ಕಳು ಎಷ್ಟು? "ವಾಪಸ್ ಇಟ್ಟು ಬರೋಣ್ವಾ?" ಅಂದಳು. ಇಡಬಹುದು, ಆದ್ರೆ ಯಾವ ಕಂಬದ್ದು, ಯಾವ ಮಗ್ಗುಲಲ್ಲಿ ಅಂತ ಇಡೋದು?

ಸಂಜೆ ನೋಡಿದ್ರೆ ಕಲ್ಲಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು, ಸ್ಕೆಚ್ ಪೆನ್ನಲ್ಲಿ: "ಮಲ್ಪೆ, 2006. ದಿಕ್ಕು ಗೊತ್ತಿಲ್ಲ."