ಎಂಟು ಕಿಲೋ ಕಾಂಕ್ರೀಟು, ನಲವತ್ತಾರು ಟನ್ ಭಾರ

ಬೆಂಗಳೂರಿನ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಯಾವ ಅಡ್ಡರಸ್ತೆಗೆ ತಿರುಗಿದರೂ ಒಂದಲ್ಲ ಒಂದು ಮನೆ ಏಳುತ್ತಿರುತ್ತದೆ. ಮೂವತ್ತು-ನಲವತ್ತರ ಸೈಟು, ಹತ್ತು ಚದರದ ಮೋಲ್ಡು, ಐದಿಂಚು ದಪ್ಪ. ಅಷ್ಟಕ್ಕೇ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು; ತೂಕ 28 ಟನ್ ಆಸುಪಾಸು. ಇದನ್ನು ತಲೆಯ ಮೇಲೆ ಹಾಸಿಕೊಂಡು ಕೆಳಗೆ ಮಕ್ಕಳನ್ನು ಮಲಗಿಸುತ್ತೇವೆ. ಇದು ತಡೆಯುತ್ತದೆ ಎಂದು ಸಾಕ್ಷಿ ಹೇಳಬೇಕಾದವು ಆರೇ ಆರು ಕ್ಯೂಬುಗಳು.

ಭಾರತೀಯ ಮಾನಕ ಐಎಸ್ 456 ಹೇಳುವ ಲೆಕ್ಕ ಇದು. 6ರಿಂದ 15 ಘನ ಮೀಟರ್ ಕಾಂಕ್ರೀಟಿಗೆ ಎರಡು ಮಾದರಿ, ಒಂದೊಂದು ಮಾದರಿಗೆ ಮೂರು ಕ್ಯೂಬು. ಕ್ಯೂಬಿನ ಪ್ರತಿ ಬದಿಯೂ 150 ಮಿಲಿಮೀಟರ್, ತೂಕ ಎಂಟು ಕಿಲೋ ಚಿಲ್ಲರೆ. ಆರೂ ಸೇರಿದರೆ ಐವತ್ತು ಕಿಲೋ ಇಲ್ಲ. ಇಡೀ ಮೋಲ್ಡಿನ ಐನೂರರಲ್ಲಿ ಒಂದು ಪಾಲಿಗೂ ಕಡಿಮೆ.

28 ದಿನ ನೀರಿನಲ್ಲಿದ್ದ ಕ್ಯೂಬನ್ನು ಪ್ರೆಸ್ಸಿನ ಎರಡು ಉಕ್ಕಿನ ಫಲಕಗಳ ನಡುವೆ ಇಡುತ್ತಾರೆ. ಎಂ-20 ಕಾಂಕ್ರೀಟು ಎಂದರೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು. ಕ್ಯೂಬಿನ ಒಂದು ಮುಖದಲ್ಲಿ 22,500 ಚದರ ಮಿಲಿಮೀಟರ್ ಇದೆ. ಗುಣಿಸಿದರೆ 4,50,000 ನ್ಯೂಟನ್, ಅಂದರೆ ಸುಮಾರು 46 ಟನ್! ಜಂಬೂಸವಾರಿಯ ದೊಡ್ಡ ಆನೆಯ ತೂಕ ಐದು ಟನ್ ಅಂದುಕೊಳ್ಳಿ. ಗೇಣುದ್ದವೂ ಇಲ್ಲದ ಈ ಕಲ್ಲಿನ ಮೇಲೆ ಅಂಥ ಒಂಬತ್ತು ಆನೆ ನಿಂತ ಹಾಗಾಯಿತು. ಭಾರವನ್ನು ಒಮ್ಮೆಲೇ ಹೇರುವಂತಿಲ್ಲ, ಸೆಕೆಂಡಿಗೆ ಅರ್ಧ ಟನ್ನಿನಷ್ಟು ಸಮನಾಗಿ ಏರಿಸಬೇಕು. ಒಂದೂವರೆ ನಿಮಿಷದ ಹೊತ್ತಿಗೆ ಬದಿಗಳಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ, ನಾಲ್ಕೂ ಮಗ್ಗುಲು ಚಕ್ಕೆಯಾಗಿ ಉದುರುತ್ತವೆ. ಕೊನೆಗೆ ಉಳಿಯುವುದು ತುದಿಗೆ ತುದಿ ತಾಗಿಸಿ ನಿಲ್ಲಿಸಿದ ಎರಡು ಗೋಪುರಗಳ ಆಕಾರ. ಒಂದೇ ಮಗ್ಗುಲು ಒಡೆದಿದ್ದರೆ ಆ ಫಲಿತಾಂಶವನ್ನು ಅನುಭವಸ್ಥರು ನಂಬುವುದಿಲ್ಲ.

ಒತ್ತಿದರೆ ಇಷ್ಟು ತಡೆಯುವ ಕಾಂಕ್ರೀಟು ಎಳೆದರೆ ಅದರ ಹತ್ತರಲ್ಲೊಂದು ಪಾಲಿಗೇ ಬಿರಿಯುತ್ತದೆ. ಅದಕ್ಕೇ ಕಂಬಿ. ಎಫ್‌ಇ 500ಡಿ ದರ್ಜೆಯ 12 ಮಿಲಿಮೀಟರ್ ಕಂಬಿ ಮೀಟರಿಗೆ 900 ಗ್ರಾಂ ಕೂಡ ತೂಗುವುದಿಲ್ಲ. ಆದರೆ ಐದೂಮುಕ್ಕಾಲು ಟನ್ ಎಳೆದರೂ ಬಿಟ್ಟ ಮೇಲೆ ಹೆಚ್ಚುಕಡಿಮೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಅಷ್ಟು ಎಳೆದಾಗ ಮೀಟರಿಗೆ ಎರಡೂವರೆ ಮಿಲಿಮೀಟರ್ ಹಿಗ್ಗಿರುತ್ತದೆ, ಅಷ್ಟೇ. ಈ ಕಂಬಿಯನ್ನು ಆಕಾಶದಿಂದ ಇಳಿಬಿಟ್ಟರೆ, ತನ್ನದೇ ಭಾರಕ್ಕೆ ಸೋತು ಶಾಶ್ವತವಾಗಿ ಹಿಗ್ಗಲು ಆರೂವರೆ ಕಿಲೋಮೀಟರ್ ಉದ್ದ ಬೇಕು. ಮುಳ್ಳಯ್ಯನಗಿರಿಯ ಎತ್ತರದ ಮೂರು ಪಟ್ಟಿಗೂ ಮಿಗಿಲು.

ಎಳೆದು ಪರೀಕ್ಷಿಸುವ ಯುಟಿಎಂ ಯಂತ್ರದಲ್ಲಿ ಕಂಬಿ ತುಂಡಾಗುವುದನ್ನು ಒಮ್ಮೆಯಾದರೂ ನೋಡಬೇಕು. ಬಹಳ ಹೊತ್ತು ಏನೂ ಆಗುತ್ತಿಲ್ಲವೆನಿಸುತ್ತದೆ. ಆಮೇಲೆ ಒಂದು ಕಡೆ ಸೊಂಟ ಸಣ್ಣಗಾಗತೊಡಗುತ್ತದೆ, ಮರುಗಳಿಗೆ ಗುಂಡಿನಂಥ ಸದ್ದು. ಮುರಿದ ತುದಿ ಮುಟ್ಟಿದರೆ ಬಿಸಿ. ಎರಡು ತುಂಡುಗಳನ್ನು ಕೂಡಿಸಿ ಅಳೆದಾಗ 60 ಮಿಲಿಮೀಟರ್ ಗುರುತಿನ ಉದ್ದ ಕನಿಷ್ಠ ಶೇಕಡಾ 16, ಅಂದರೆ ಒಂಬತ್ತೂವರೆ ಮಿಲಿಮೀಟರ್, ಹಿಗ್ಗಿರಬೇಕು. ನನ್ನ ಮಟ್ಟಿಗೆ ಬಲಕ್ಕಿಂತ ದೊಡ್ಡ ಗುಣ ಇದೇ. ಭೂಕಂಪದಲ್ಲಿ ಮನೆ ಮಡಿಯುವ ಮೊದಲು ಬಾಗಿ ಎಚ್ಚರಿಸುವುದು ಈ ಹಿಗ್ಗಿನಿಂದ.

ಎಳೆತದ ಲೆಕ್ಕ ಮನೆಗಷ್ಟೇ ಅಲ್ಲ, ಮೆಟ್ರೊಗೂ ಇದೆ. ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿಲೋಮೀಟರ್ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಅದರಲ್ಲಿ ಬ್ಯಾಡರಹಳ್ಳಿಗೂ ನಿಲ್ದಾಣವಿದೆ. ಎತ್ತರಿಸಿದ ಮಾರ್ಗಗಳ ಗರ್ಡರಿನೊಳಗೆ ಬಿಗಿಯುವ ಏಳು ತಂತಿಯ ಹುರಿ ಬರೀ 15.2 ಮಿಲಿಮೀಟರ್ ದಪ್ಪ. ಅದು ಹರಿಯಲು 26 ಟನ್ ಮೀರಿದ ಎಳೆತ ಬೇಕು.

ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಲೆಕ್ಕ ಇದಕ್ಕೆ ತದ್ವಿರುದ್ಧ, ಅಲ್ಲಿ ಎಲ್ಲವೂ ಸೂಕ್ಷ್ಮ. ಗೇರಿನ ಗಡಸುತನ ನೋಡಲು ರಾಕ್‌ವೆಲ್ ಯಂತ್ರದ ವಜ್ರದ ಮೊನೆಯನ್ನು 150 ಕಿಲೋ ಭಾರದಿಂದ ಒತ್ತುತ್ತಾರೆ. ಅದರ ಒಂದು ಅಂಕವೆಂದರೆ ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗದ ಆಳ. ಆಯಾಸದ ಪರೀಕ್ಷೆಯಲ್ಲಿ ಒಂದು ಶಾಫ್ಟು ಕೋಟಿ ಸಲ ಬಾಗಿ ನೆಟ್ಟಗಾಗಬೇಕು. ನಿಮಿಷಕ್ಕೆ 3,000 ಸುತ್ತಿನಂತೆ ತಿರುಗಿದರೂ ಕೋಟಿ ಮುಟ್ಟಲು 55 ಗಂಟೆ ದಾಟುತ್ತದೆ. ಸೆಕೆಂಡಿಗೆ 20,000 ಸಲ ಕಂಪಿಸುವ ಶ್ರವಣಾತೀತ ಯಂತ್ರ ನೂರು ಕೋಟಿಯನ್ನು 14 ಗಂಟೆಯಲ್ಲಿ ಮುಗಿಸುತ್ತದೆ.

ಮತ್ತೆ ಆ ಆರು ಕ್ಯೂಬಿನ ಮಾತು. ಕಾಂಕ್ರೀಟು ಸರಾಗವಾಗಿ ಹರಿಯಲೆಂದು ಮಿಕ್ಸರಿಗೆ ಸುರಿಯುವ ಒಂದೊಂದು ಬಕೆಟ್ ಹೆಚ್ಚುವರಿ ನೀರೂ ಆ 46 ಟನ್ನನ್ನು ತಗ್ಗಿಸುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಪ್ರೆಸ್ಸಿಗೆ ಗೊತ್ತಾಗುತ್ತದೆ. ಮನೆ ಕಟ್ಟಿಸುತ್ತಿರುವವರೇ, ಮೋಲ್ಡಿನ ಹಿಂದಿನ ದಿನವೇ ಮೇಸ್ತ್ರಿಗೆ ಹೇಳಿ ಅಚ್ಚು ತರಿಸಿ. ಹಾಕುತ್ತಿರುವ ಕಾಂಕ್ರೀಟನ್ನೇ ನಿಮ್ಮೆದುರು ತುಂಬಿಸಿ, ಮಾರನೆಯ ದಿನ ಬಿಚ್ಚಿ ನೀರಿಗೆ ಹಾಕಿಸಿ, 28ನೇ ದಿನ ಪ್ರೆಸ್ಸಿನ ಮುಂದೆ ನೀವೇ ಹೋಗಿ ನಿಲ್ಲಿ.