ಮೊಬೈಲ್ ಮುನಿಸಿಕೊಂಡಾಗ ಆತುರ ಬೇಡ

ಬೆಳಗ್ಗೆ ಏಳೂವರೆ ಗಂಟೆ. ಕುಕ್ಕರ್ ಇನ್ನೂ ಎರಡು ವಿಷಲ್ ಕೂಗಬೇಕು, ಮಗಳ ಜಡೆ ಅರ್ಧಕ್ಕೇ ನಿಂತಿದೆ. ಸ್ಕೂಲ್ ವ್ಯಾನಿನವರ ಮೆಸೇಜ್ ಬಂತಾ ಅಂತ ಮೊಬೈಲ್ ನೋಡಿದರೆ, ಚಕ್ರ ತಿರುಗುತ್ತಲೇ ಇದೆ! ಎದ್ದ ತಕ್ಷಣ ಅದೇನೋ ಅಪ್‌ಡೇಟ್ ಅಂತ ಕೇಳಿತ್ತು, ಓದದೆಯೇ ‘ಓಕೆ’ ಒತ್ತಿದ್ದೆ. ಕಾದು ಕಾದು ತಾಳ್ಮೆ ಕೆಟ್ಟು ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡಿಬಿಟ್ಟೆ. ಅಷ್ಟೇ! ಮತ್ತೆ ಆನ್ ಮಾಡಿದರೆ ಕಂಪನಿಯ ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಅದರಿಂದ ಮುಂದಕ್ಕೆ ಹೋಗಲೇ ಇಲ್ಲ.

“ಹಳೇ ಸೆಟ್ಟು, ಹೊಸದು ತಗೊಂಡ್ರಾಯ್ತು ಬಿಡೇ” ಅಂದರು ಯಜಮಾನರು. ಮನೆ ಹತ್ತಿರದ ಅಂಗಡಿ ಹುಡುಗನಂತೂ, “ಐದೇ ನಿಮಿಷ ಆಂಟಿ, ರೀಸೆಟ್ ಮಾಡಿಕೊಡ್ತೀನಿ” ಎಂದು ಕೈ ಚಾಚಿಯೇಬಿಟ್ಟ. ಕೊಡಲು ಹೊರಟವಳಿಗೆ ಥಟ್ಟನೆ ನೆನಪಾಯಿತು. ಆ ಮೊಬೈಲಿನಲ್ಲಿ ಅಮ್ಮ ಇದ್ದಾಳೆ! ಎರಡು ವರ್ಷದ ಹಿಂದೆ ತೀರಿಕೊಂಡ ನನ್ನಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದ ದನಿ. ಬಿಸಿಬೇಳೆಬಾತಿನ ಪುಡಿಗೆ ಏನೇನು ಎಷ್ಟೆಷ್ಟು, “ಮೆಂತ್ಯ ಸೀಯಿಸಬೇಡ ಕಣೇ” ಅಂತ ಗದರಿದ್ದು, ಮೊಮ್ಮಗಳಿಗೆ ಹುಟ್ಟುಹಬ್ಬದ ಹಾರೈಕೆ. ಅದನ್ನು ಬೇರೆಲ್ಲೂ ಉಳಿಸಿಕೊಂಡಿರಲಿಲ್ಲ. ಮೊಬೈಲ್ ದುಡ್ಡು ಕೊಟ್ಟರೆ ಸಿಗುತ್ತೆ, ಅಮ್ಮನ ದನಿ ಸಿಗುತ್ತದೆಯೇ? ನೀವೇ ಹೇಳಿ.

ಅಂಗಡಿಯಿಂದ ಹಿಂದಿರುಗಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣನ ಮಗನಿಗೆ ಫೋನ್ ಮಾಡಿದೆ. “ಅತ್ತೆ, ಶನಿವಾರ ಬರ್ತೀನಿ. ಅಲ್ಲೀವರೆಗೂ ಯಾರ ಕೈಗೂ ಕೊಡಬೇಡಿ” ಅಂದ. ಅವನಿಂದ ಕಲಿತದ್ದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಒಳಗೆ ಆಗುವುದೇನು?

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಮೊಬೈಲ್. ಅದರ ತಿರುಳು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಕಂಪ್ಯೂಟರಿಗೆಂದು ಬರೆಯಲು ಶುರು ಮಾಡಿದ್ದು ಇದು. 2008ರಲ್ಲಿ ಇದನ್ನೇ ಅಡಿಪಾಯ ಮಾಡಿಕೊಂಡ ಮೊದಲ ಆಂಡ್ರಾಯ್ಡ್ ಮೊಬೈಲ್ ಬಂತು. ಒಳಗೆ ಎರಡು ಕೋಣೆ ಇದೆ ಅಂದುಕೊಳ್ಳಿ. ಒಂದರಲ್ಲಿ ಮೊಬೈಲ್ ನಡೆಸುವ ಸಾಫ್ಟ್‌ವೇರ್, ಇನ್ನೊಂದರಲ್ಲಿ ನಮ್ಮ ಫೋಟೋ, ಮೆಸೇಜ್ ಮುಂತಾದವು. ಅಪ್‌ಡೇಟ್ ಮೊದಲ ಕೋಣೆಯದ್ದು. ಅದು ಅರ್ಧಕ್ಕೆ ನಿಂತರೆ ಮೊಬೈಲ್ ಏಳುವುದಿಲ್ಲ, ಆದರೆ ಎರಡನೇ ಕೋಣೆಯ ಸಾಮಾನು ಬಹುಪಾಲು ಹಾಗೇ ಇರುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ!

ಹೊಸ ಮೊಸರು ಹೆಪ್ಪಾಗುವವರೆಗೆ ಹಳೇ ಮೊಸರನ್ನು ಪೂರ್ತಿ ಖಾಲಿ ಮಾಡುತ್ತೇವೆಯೇ? ಇಲ್ಲವಲ್ಲ. 2016ರ ಆಂಡ್ರಾಯ್ಡ್ 7ರಿಂದ ಕೆಲವು ಮೊಬೈಲುಗಳಲ್ಲಿ ಇದೇ ಜಾಣತನ ಬಂದಿದೆ. ಹಳೆಯ ಸಾಫ್ಟ್‌ವೇರನ್ನು ಪಕ್ಕದಲ್ಲಿಟ್ಟುಕೊಂಡೇ ಹೊಸದನ್ನು ತುಂಬಿಸುತ್ತವೆ. ಹೊಸದು ಏಳದಿದ್ದರೆ ಹಳೆಯದಕ್ಕೇ ಮರಳುತ್ತವೆ. ನನ್ನ ಹಳೇ ಮೊಬೈಲಿಗೆ ಈ ಭಾಗ್ಯವಿರಲಿಲ್ಲ.

ಒಂದಾದ ಮೇಲೊಂದು ಮಾಡಿ ನೋಡಿ

* ಮೊದಲು ಚಾರ್ಜರಿಗೆ ಹಾಕಿ, ಅರ್ಧ ಗಂಟೆ ಸುಮ್ಮನಿರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಮೊದಲ ಸಲ ಏಳಲು ಮೊಬೈಲ್ ತುಂಬಾ ಹೊತ್ತು ತೆಗೆದುಕೊಳ್ಳುವುದುಂಟು.

* ಅಷ್ಟಾದರೂ ಏಳದಿದ್ದರೆ ಪವರ್ ಬಟನ್ ಸುಮಾರು ಅರ್ಧ ನಿಮಿಷ ಅದುಮಿ ಹಿಡಿಯಿರಿ. ಕೆಲವು ಮೊಬೈಲಿನಲ್ಲಿ ಜೊತೆಗೆ ವಾಲ್ಯೂಮ್ ಕಡಿಮೆ ಮಾಡುವ ಬಟನ್ನನ್ನೂ ಒತ್ತಬೇಕು.

* ಸಿಮ್ ತೆಗೆದು ಮನೆಯಲ್ಲಿರುವ ಇನ್ನೊಂದು ಮೊಬೈಲಿಗೆ ಹಾಕಿಕೊಳ್ಳಿ. ಬ್ಯಾಂಕಿನ ಓಟಿಪಿ, ಗ್ಯಾಸಿನವರ ಕರೆ ತಪ್ಪುವುದಿಲ್ಲ. ಅರ್ಧ ಆತುರ ಅಲ್ಲೇ ಇಳಿಯುತ್ತೆ. ಮೆಮೊರಿ ಕಾರ್ಡ್ ಇದ್ದರೆ ಅದನ್ನೂ ತೆಗೆದಿಡಿ.

* ಮೊಬೈಲ್ ಆನ್ ಆಗಿ ಮತ್ತೆ ಮತ್ತೆ ನಿಂತುಹೋಗುತ್ತಿದ್ದರೆ ‘ಸೇಫ್ ಮೋಡ್’ ನೋಡಿ. ಬಹಳಷ್ಟು ಮೊಬೈಲಿನಲ್ಲಿ ಆನ್ ಆಗುವಾಗ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒತ್ತಿ ಹಿಡಿದರೆ ಅದು ಬರುತ್ತದೆ. ನಾವು ಹಾಕಿಕೊಂಡ ಆಪ್‌ಗಳು ಅಲ್ಲಿ ಓಡುವುದಿಲ್ಲ. ತಂಟೆ ಮಾಡುತ್ತಿರುವ ಆಪನ್ನು ಆಗ ತೆಗೆದುಹಾಕಬಹುದು.

* ಕೊನೆಗೆ ‘ರಿಕವರಿ ಮೋಡ್’. ಆಫ್ ಆಗಿರುವ ಮೊಬೈಲಿನಲ್ಲಿ ಪವರ್ ಮತ್ತು ವಾಲ್ಯೂಮ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಬೇಕು. ಯಾವ ವಾಲ್ಯೂಮ್ ಬಟನ್ ಎಂಬುದು ಮಾಡೆಲ್ ಮೇಲೆ ಹೋಗುತ್ತದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು ಬರುತ್ತದೆ. ವಾಲ್ಯೂಮ್ ಬಟನ್‌ನಿಂದ ಮೇಲೆ ಕೆಳಗೆ ಹೋಗುವುದು, ಪವರ್ ಬಟನ್‌ನಿಂದ ಆರಿಸುವುದು. ‘ರೀಬೂಟ್ ಸಿಸ್ಟಮ್ ನೌ’ ಒತ್ತಿದರೆ ಏನೂ ಹೋಗುವುದಿಲ್ಲ. ‘ವೈಪ್ ಕ್ಯಾಶ್ ಪಾರ್ಟಿಷನ್’ ಕೆಲವು ಮೊಬೈಲಿನಲ್ಲಿ ಮಾತ್ರ ಇರುತ್ತದೆ. ಅದು ತಾತ್ಕಾಲಿಕ ಕಸ ಗುಡಿಸುತ್ತದೆ, ಫೋಟೋ ಮುಟ್ಟುವುದಿಲ್ಲ.

ಕಣ್ಣುಮುಚ್ಚಿ ಒತ್ತಬೇಡಿ!

ಅದೇ ಪಟ್ಟಿಯಲ್ಲಿ ‘ವೈಪ್ ಡೇಟಾ/ಫ್ಯಾಕ್ಟರಿ ರೀಸೆಟ್’ ಎಂಬ ಸಾಲೂ ಇರುತ್ತದೆ. ಕ್ಯಾಶ್ ಸಾಲಿಗೂ ಇದಕ್ಕೂ ಒಂದೆರಡು ಬೆರಳಿನ ಅಂತರ ಅಷ್ಟೇ. ಇದನ್ನು ಒತ್ತಿದರೆ ಮೊಬೈಲ್ ಬಹುಶಃ ಏಳುತ್ತದೆ, ಆದರೆ ಎರಡನೇ ಕೋಣೆ ಖಾಲಿ! ಆಮೇಲೆ ಅಂಗಡಿಯವರಿಗೆ ಎಷ್ಟೇ ದುಡ್ಡು ಕೊಟ್ಟರೂ ಪ್ರಯೋಜನವಿಲ್ಲ. 2019ರ ಆಂಡ್ರಾಯ್ಡ್ 10ರೊಂದಿಗೆ ಅಥವಾ ಆಮೇಲೆ ಬಂದ ಮೊಬೈಲುಗಳಲ್ಲಿ ಮಾಹಿತಿಯೆಲ್ಲ ಬೀಗ ಹಾಕಿದ ರೂಪದಲ್ಲೇ ಇರಬೇಕು ಎಂಬುದು ನಿಯಮ. ರೀಸೆಟ್ ಮಾಡಿದರೆ ಆ ಬೀಗದ ಕೀಲಿಕೈಯೇ ಅಳಿದುಹೋಗುತ್ತದೆ. ರೀಸೆಟ್ ಆದ ಮೇಲೆ ಹಳೆಯ ಗೂಗಲ್ ಖಾತೆ, ಪಾಸ್‌ವರ್ಡ್ ಕೇಳುವುದೂ ಉಂಟು. ಅದು ನೆನಪಿಲ್ಲದಿದ್ದರೆ ಇನ್ನೊಂದು ಪಜೀತಿ.

ಅಂಗಡಿಗೋ ಸರ್ವಿಸ್ ಸೆಂಟರಿಗೋ ಕೊಡುವುದಾದರೆ ಮೊದಲು ಕೇಳಬೇಕಾದ್ದು “ಎಷ್ಟಾಗುತ್ತೆ?” ಅಂತಲ್ಲ, “ಒಳಗಿರೋದು ಉಳಿಯುತ್ತಾ?” ಅಂತ. “ನನ್ನನ್ನು ಕೇಳದೆ ರೀಸೆಟ್ ಮಾಡಬೇಡಿ” ಎಂದು ರಸೀದಿಯ ಮೇಲೇ ಬರೆಸಿಕೊಳ್ಳಿ. ಸಂಕೋಚ ಯಾಕೆ? ಸಾಮಾನು ನಮ್ಮದು ತಾನೇ!

ಶನಿವಾರ ಬಂದ ಅಣ್ಣನ ಮಗ ಮಾಡಿದ್ದಾದರೂ ಇಷ್ಟೇ. ಕಂಪನಿಯ ವೆಬ್‌ಸೈಟಿನಿಂದ ಸರಿಯಾಗಿ ಅದೇ ಮಾಡೆಲ್‌ನ ಪೂರ್ತಿ ಸಾಫ್ಟ್‌ವೇರ್ ಇಳಿಸಿಕೊಂಡ. ಮೊಬೈಲನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ರಿಕವರಿ ಪಟ್ಟಿಯಲ್ಲಿದ್ದ ‘ಅಪ್ಲೈ ಅಪ್‌ಡೇಟ್ ಫ್ರಮ್ ಎಡಿಬಿ’ ಆರಿಸಿ ಅದನ್ನು ತುಂಬಿಸಿದ. ಹೀಗೆ ಮಾಡಿದರೆ ಮೊದಲ ಕೋಣೆ ಮಾತ್ರ ರಿಪೇರಿಯಾಗುತ್ತದೆ. ಈ ಸೌಕರ್ಯ ಎಲ್ಲ ಮೊಬೈಲಿನಲ್ಲೂ ಇಲ್ಲ, ಬೇರೆ ಮಾಡೆಲ್‌ನ ಫೈಲ್ ಹಾಕಿದರೆ ಇನ್ನಷ್ಟು ಕೆಡುತ್ತದೆ. ಹಾಗಾಗಿ ತಿಳಿದವರ ಕೈಯಲ್ಲೇ ಮಾಡಿಸಿ. ಮುಕ್ಕಾಲು ಗಂಟೆ ದೇವರ ಮನೆಯ ಬಾಗಿಲಲ್ಲೇ ಕೂತಿದ್ದೆ. ಮೊಬೈಲ್ ಎದ್ದಿತು. ಮೊದಲು ತೆರೆದಿದ್ದೇ ವಾಟ್ಸಾಪ್. “ಮೆಂತ್ಯ ಸೀಯಿಸಬೇಡ ಕಣೇ...” ಬಯ್ಗುಳ ಕೇಳಿ ಅಳು ಬಂದಿದ್ದು ಅದೇ ಮೊದಲು.

ಮುಂದಿನ ಸಲ ಹೀಗೆ ಮಾಡಿ

ಅಪ್‌ಡೇಟೇ ಬೇಡ ಅಂತ ಕೂರುವುದೂ ತಪ್ಪು. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವುದು ಅದೇ. ಆದರೆ ಬೆಳಗಿನ ಗಡಿಬಿಡಿಯಲ್ಲಿ ಬೇಡ. ಮಧ್ಯಾಹ್ನ ಕೆಲಸ ಮುಗಿದ ಮೇಲೆ, ಚಾರ್ಜ್ ಅರ್ಧಕ್ಕಿಂತ ಹೆಚ್ಚಿದ್ದಾಗ, ವೈಫೈ ಸರಿಯಾಗಿದ್ದಾಗ, ಮೊಬೈಲಿನಲ್ಲಿ ಸಾಕಷ್ಟು ಜಾಗ ಮಾಡಿಕೊಂಡು ಹಾಕಿ. ಚಕ್ರ ತಿರುಗುವಾಗ ಬಟನ್ ಮುಟ್ಟಬೇಡಿ. ಯಾರೋ ಕಳಿಸಿದ ಲಿಂಕಿನಿಂದಂತೂ ಅಪ್‌ಡೇಟ್ ಇಳಿಸಲೇಬೇಡಿ.

ಎಲ್ಲಕ್ಕಿಂತ ಮೊದಲು ಬ್ಯಾಕಪ್. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಚಾಟ್ಸ್’, ಅದರೊಳಗೆ ‘ಚಾಟ್ ಬ್ಯಾಕಪ್’ ಒತ್ತಿ. ಫೋಟೋಗಳನ್ನು ಗೂಗಲ್ ಫೋಟೋಸ್‌ಗೆ ಹಾಕಿ, ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇನ್ನೊಂದು ಪ್ರತಿ ಇಡಿ. ನಾನೀಗ ತಿಂಗಳ ಮೊದಲ ದಿನ ಹಾಲಿನ ಲೆಕ್ಕ ಬರೆದ ಕೂಡಲೇ ಈ ಕೆಲಸಕ್ಕೆ ಕೂರುತ್ತೇನೆ. ಅಮ್ಮನ ದನಿ ನನ್ನ ಮೊಬೈಲಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ, ಅಣ್ಣನ ಮನೆಯಲ್ಲೂ ಇದೆ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ ಆಗಬಾರದು, ಅಲ್ವಾ? ಈ ಪುಟ ಮಡಿಚಿಡುವ ಮುನ್ನ ಒಮ್ಮೆ ನೋಡಿಬಿಡಿ, ನಿಮ್ಮ ಮೊಬೈಲಿನ ಬ್ಯಾಕಪ್ ಕೊನೆಯ ಸಲ ಆಗಿದ್ದು ಯಾವಾಗ?